ಮೊದಲು ಯಾವ ಉಳಿ?

ಮನೆ, ಹೊಲಿಗೆ ಮೇಜು
ಮಂಗಳವಾರ ಮಧ್ಯಾಹ್ನ

ನನ್ನ ಬುಗುರಿಗೆ,

ಅಮ್ಮ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂತು. ಕ್ಷೇಮ, ಕೆಲಸ ಹಗುರ, ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು ಚೀಟಿ ಕೊಡುವುದಕ್ಕೆ ಎರಡು ಬೆರಳು ಮಡಿಸಲಾಗದಿದ್ದರೂ ನಡೆಯುತ್ತದೆ, ಲೇತ್ ಹೋಯಿತಾ. ಇಷ್ಟೇ. ಇಷ್ಟನ್ನು ತಲುಪಿಸುವುದಕ್ಕೆ ಅಂಚೆಯವನು ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದ, ಪಾಪ. ಕುಡಿಯುವುದಕ್ಕೆ ನೀರು ಕೊಟ್ಟೆ. ಅವನು ಲೋಟ ಕೆಳಗಿಡುವ ಮೊದಲೇ ನಿನ್ನ ಕಾಗದ ಓದಿ ಮುಗಿದಿತ್ತು.

ಮರ ತಿರುಗಿಸಿ ಕಡೆಯುವ ನಿನ್ನ ಆ ಲೇತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನನಗೆ ನಿನ್ನಿಂದ ಒಂದು ಸಲಹೆ ಬೇಕು. ಮರ ಕಡೆಯುವುದನ್ನು ಹೊಸದಾಗಿ ಕಲಿಯುವವರು ಮೊದಲು ಯಾವ ಉಳಿ ಕೊಳ್ಳಬೇಕು?

ಕಲಿಯುವವಳು ನಾನೇ. ನಗುವುದಿದ್ದರೆ ಈಗಲೇ ನಕ್ಕುಬಿಡು, ನಕ್ಕು ಮುಗಿಸಿ ಮುಂದೆ ಓದು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಅಂತ ನಿನ್ನ ಅಪ್ಪ ಆಗಲೇ ಕೇಳಿ ಆಗಿದೆ, ನೀನು ಬೇರೆ ಕೇಳಬೇಕಾಗಿಲ್ಲ.

ಇದು ಇಷ್ಟು ಗೋಜಲು ಅಂತ ನನಗೆ ಗೊತ್ತಿರಲಿಲ್ಲ ಮಗಳೇ. ಹೊಲಿಗೆ ಕಲಿಯುವುದಕ್ಕೆ ಬಂದವರು ಮೊದಲು ಏನು ಕೊಳ್ಳಲಿ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಹೇಳುತ್ತೇನೆ, ಒಂದು ಒಳ್ಳೆಯ ಕತ್ತರಿ, ಒಂದು ಟೇಪು, ಮಿಕ್ಕಿದ್ದೆಲ್ಲ ಆಮೇಲೆ. ಮರಕ್ಕೂ ಹಾಗೆಯೇ ಯಾರಾದರೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ ಅಂದುಕೊಂಡಿದ್ದೆ. ಹೇಳುವವರಿಗೇನೂ ಬರ ಇಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವುದಿಲ್ಲ, ಅಷ್ಟೇ.

ಹತಾರಿನ ಅಂಗಡಿಯವನು ನಿನಗೆ ಗೊತ್ತಲ್ಲ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅಂಗಡಿ ತುಂಬ ಕನ್ನಡಕ ಹುಡುಕುವವನು. ಮೊದಲು ಅವನ ಹತ್ತಿರ ಹೋದೆ. ಹೊಸಬರಿಗೆ ಇದೇ ಸರಿ ಅಂತ ಒಂದು ಮರದ ಪೆಟ್ಟಿಗೆ ಇಳಿಸಿದ. ಒಳಗೆ ಉಳಿಗಳು ಸಾಲಾಗಿ ಮಲಗಿದ್ದವು, ಒಂದಕ್ಕಿಂತ ಒಂದು ಹೊಳಪು. ಅರ್ಧ ಕೊಳವೆಯಂತೆ ಬಾಗಿದ ಅಗಲದ್ದು, ಅದೇ ಜಾತಿಯ ಸಣ್ಣದು, ಬಾಯಿ ಓರೆಯಾಗಿರುವುದು, ಕೆರೆಯುವುದು, ತುಂಡರಿಸುವ ತೆಳ್ಳನೆಯದು, ಬೋಗುಣಿ ತೋಡುವ ಉದ್ದದ್ದು. ನಾನು ಪೆಟ್ಟಿಗೆಯನ್ನೇ ಎತ್ತಿಕೊಳ್ಳುವಷ್ಟರಲ್ಲಿ ಅವನೇ ದನಿ ತಗ್ಗಿಸಿ, ಇದರಲ್ಲಿ ಹೊಸಬರು ಬಳಸುವುದು ಎರಡೋ ಮೂರೋ, ಉಳಿದದ್ದು ತುಕ್ಕು ಹಿಡಿಯುತ್ತೆ ಅಂದ. ಹಾಗಾದರೆ ತೋರಿಸಿದ್ದು ಯಾಕಪ್ಪಾ ಅಂತ ಕೇಳಿದೆ. ತೋರಿಸುವುದು ವ್ಯಾಪಾರ, ಹೇಳುವುದು ಸ್ನೇಹ ಅಂದ. ಇಂಥವನ ಜೊತೆ ಏನು ಮಾತಾಡುವುದು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇನ್ನೊಂದು ಕಥೆ. ಅವರು ಇವತ್ತಿನವರೆಗೂ ಒಂದು ಮೊಳೆ ಹೊಡೆದವರಲ್ಲ, ಆದರೆ ಫೋನಿನಲ್ಲಿ ಎಲ್ಲ ನೋಡಿದ್ದಾರೆ. ಬ್ಲೇಡು ಸಿಕ್ಕಿಸುವ ಉಳಿ ಬಂದಿದೆಯಂತೆ, ಮೊಂಡಾದರೆ ಬ್ಲೇಡನ್ನು ತಿರುಗಿಸಿದರೆ ಆಯಿತಂತೆ, ಸಾಣೆಯ ರಗಳೆಯೇ ಇಲ್ಲವಂತೆ. ನನಗೆ ಅದೇ ಸರಿ ಅನ್ನಿಸಿತು. ಅಷ್ಟರಲ್ಲಿ ಅವರೇ ಇನ್ನೊಂದು ವಿಡಿಯೋ ಹಾಕಿದರು. ಅದರಲ್ಲಿ ಒಬ್ಬ ಗಡ್ಡದವನು, ಬ್ಲೇಡಿನ ಉಳಿಯಿಂದ ಕಲಿತವನು ಜೀವನಪೂರ್ತಿ ಮರವನ್ನು ಕೆರೆಯುತ್ತಾನೆ, ಕಡೆಯುವುದಿಲ್ಲ ಅಂದ. ಓರೆ ಬಾಯಿಯ ಉಳಿಯಿಂದಲೇ ಶುರು ಮಾಡಿ ಅಂದ. ಮತ್ತೊಬ್ಬ ಗಡ್ಡದವನು ಬಂದು, ಹೊಸಬರ ಮನೆಯಲ್ಲಿ ಓರೆ ಬಾಯಿಯ ಉಳಿ ಇರಲೇಬಾರದು ಅಂದ. ಇಬ್ಬರದೂ ಒಂದೇ ಥರದ ಗಡ್ಡ. ಯಾವ ಗಡ್ಡವನ್ನು ನಂಬುವುದು ಹೇಳು.

ಇಷ್ಟು ಹೊತ್ತಿಗೆ ನಿನಗೆ ಅರ್ಥವಾಗಿರುತ್ತದೆ. ಲೇತ್ ಹೋಗಿಲ್ಲ.

ಕೋಪ ಮಾಡಿಕೊಳ್ಳಬೇಡ, ಪೂರ್ತಿ ಕೇಳು. ಎಲ್ಲವನ್ನೂ ಕೊಟ್ಟುಬಿಡು, ಹಿಂದಿನ ಕೋಣೆ ಖಾಲಿ ಮಾಡು ಅಂತ ನೀನು ಬರೆದಾಗ ನಾನು ಎದುರು ಮಾತಾಡಲಿಲ್ಲ. ಉಳಿಗಳಿಗೆ ಮೊದಲು ಗಿರಾಕಿ ಬಂತು. ಯಾರೋ ಬಂದ, ನೋಡಿದ, ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ಕೊಟ್ಟುಬಿಟ್ಟೆ. ಅವನು ಗೇಟು ದಾಟಿದ ಮೇಲೆ ಗೋಡೆ ನೋಡಿದೆ. ಉಳಿಗಳನ್ನು ನೇತುಹಾಕುತ್ತಿದ್ದ ಜಾಗದಲ್ಲೆಲ್ಲ ಸುಣ್ಣ ಬೆಳ್ಳಗೆ ಉಳಿದುಕೊಂಡಿತ್ತು, ಸುತ್ತಲೂ ಧೂಳಿನ ಬಣ್ಣ. ಆಮೇಲೆ ಕುರ್ಚಿ ಅಂಗಡಿಯವನು ಲೇತ್ ಕೇಳಿಕೊಂಡು ಬಂದ. ಹೊದಿಸಿದ್ದ ಚಾದರ ತೆಗೆದು ಅದರ ಮೈ ತಟ್ಟಿ ನೋಡುತ್ತಿದ್ದ. ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಇದು ಬಳಕೆಯಲ್ಲಿದೆ, ಕೊಡುವುದಿಲ್ಲ ಅಂದುಬಿಟ್ಟೆ. ಯಾರು ಬಳಸುತ್ತಾರೆ ಅಂತ ಅವನು ಕೇಳಿದ. ನಾನು ಅಂದೆ. ನಿನ್ನ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೀನು ನೋಡಬೇಕಿತ್ತು.

ಹಾಗೆ ಬಾಯಿಂದ ಜಾರಿದ್ದು, ಈಗ ನಿಜ ಮಾಡಬೇಕಾಗಿ ಬಂದಿದೆ. ಲೇತ್ ಇದೆ, ಉಳಿ ಒಂದೂ ಇಲ್ಲ. ಜಗತ್ತಿನಲ್ಲಿ ಎಲ್ಲರೂ ಉಳಿ ಕೊಂಡು ಲೇತಿಗೆ ಒದ್ದಾಡುತ್ತಾರಂತೆ, ನನ್ನದು ಉಲ್ಟಾ. ಕುರ್ಚಿ ಅಂಗಡಿಯವನೂ ಸುಮ್ಮನೆ ಬಿಡುವವನಲ್ಲ, ಮುಂದಿನ ವಾರದ ಶನಿವಾರ ಮತ್ತೆ ಬರುತ್ತೇನೆ ಅಂದಿದ್ದಾನೆ. ಅದರ ಯಜಮಾನಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಯಜಮಾನಿ ನೀನು. ಆದ್ದರಿಂದ ಈ ಕಾಗದಕ್ಕೆ ನಿನ್ನ ಉತ್ತರ ಶನಿವಾರದ ಒಳಗೆ ಬರಬೇಕು.

ಗಿರಾಕಿ ಬಂದರು, ಕಾಲರ್ ಬಿಚ್ಚಿ ಕೊಡಬೇಕಂತೆ. ನಾಳೆ ಮುಂದುವರಿಸುತ್ತೇನೆ.

ಬುಧವಾರ

ನಿನ್ನೆ ಬರೆದದ್ದನ್ನು ಓದಿ ನೋಡಿದೆ. ಬಹಳ ಧೈರ್ಯವಂತೆಯ ಹಾಗೆ ಬರೆದುಕೊಂಡಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಉಳಿ ಒಂದೂ ಇಲ್ಲ ಅಂದದ್ದು ಸುಳ್ಳು, ನಿನ್ನನ್ನು ಕೇಳುವ ಮೊದಲೇ ಒಂದು ಕೊಂಡಿದ್ದೆ. ಆ ಅಗಲದ್ದನ್ನು. ಬಟ್ಟೆಗೆ ದೊಡ್ಡ ಕತ್ತರಿ, ದಾರಕ್ಕೆ ಚಿಕ್ಕದು, ಮೊದಲು ಬೇಕಾಗುವುದು ದೊಡ್ಡದೇ ಅನ್ನುವುದು ನನ್ನ ಲೆಕ್ಕಾಚಾರ. ಅಂಗಡಿಯವನು ಇದು ಚೌಕ ಮರವನ್ನು ಗುಂಡಗೆ ಮಾಡುವುದಕ್ಕೆ ಮಾತ್ರ, ಎರಡು ತುದಿ ಹಿಡಿದು ನಿಲ್ಲಿಸಿದ ಉದ್ದ ಮರಕ್ಕೆ ಮಾತ್ರ, ಅಪ್ಪಿತಪ್ಪಿ ಬೋಗುಣಿಗೆ ಹಚ್ಚಬೇಡಿ, ಮರಕ್ಕೆ ಕಚ್ಚಿಕೊಂಡರೆ ಉಳಿಯ ಹಿಡಿ ಕೈಯನ್ನೇ ತಿರುಚಿಬಿಡುತ್ತೆ ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಹಣೆಯ ಮೇಲಿದ್ದ ಕನ್ನಡಕ ತೆಗೆದು ಒರೆಸುತ್ತಿದ್ದ. ನಿನ್ನ ಬೆರಳು ಮುರಿದದ್ದೂ ಹಾಗೆಯೇ ಅಂತ ಅವನಿಗೂ ಗೊತ್ತು.

ಉಳಿ ತಂದವಳು ನೇರವಾಗಿ ಮರಕ್ಕೆ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ಹೊಸ ಕತ್ತರಿಯಾದರೂ ಸರಿ, ನಮ್ಮ ಸಾಣೆಯವನ ಕೈ ದಾಟದೆ ಬಟ್ಟೆಗೆ ತಾಗುವಂತಿಲ್ಲ. ಅವನು ಸೈಕಲ್ ಸಾಣೆ ತಳ್ಳಿಕೊಂಡು ಬೀದಿಗೆ ಬರುತ್ತಿದ್ದಂತೆ ಉಳಿಯನ್ನೂ ಕೊಟ್ಟೆ. ಅವನು ಈ ಜನ್ಮದಲ್ಲಿ ಕತ್ತರಿ, ಚಾಕು ಬಿಟ್ಟು ಬೇರೆ ಕಂಡವನಲ್ಲ. ತಿರುಗಿಸಿ ಮುರುಗಿಸಿ ನೋಡಿದ, ಬಹಳ ಮರ್ಯಾದೆಯಿಂದ ಒಳಗೂ ಹೊರಗೂ ಉಜ್ಜಿ, ಬಾಯನ್ನು ಚಾಕುವಿನ ಹಾಗೆ ತೆಳ್ಳಗೆ ಮಾಡಿ ಕೊಟ್ಟ. ಉಗುರು ತಾಗಿಸಿ ನೋಡಿದೆ, ಎಂಥಾ ಹರಿತ. ನನಗೆ ಹೆಮ್ಮೆಯೋ ಹೆಮ್ಮೆ.

ಚಕ್ಕೆ ತಾಗದಂತೆ ನೀನು ಮುಖಕ್ಕೆ ಹಾಕಿಕೊಳ್ಳುತ್ತಿದ್ದ ಗಾಜು ಹಾಕಿಕೊಂಡೆ. ಸೆರಗು, ತೋಳು ಎಲ್ಲ ಬಿಗಿಯಾಗಿ ಕಟ್ಟಿದೆ. ನೀನು ಮೂಲೆಯಲ್ಲಿ ಒಟ್ಟಿದ್ದ ಮರದಲ್ಲಿ ಒಂದು ತುಂಡು ತೆಗೆದು ಲೇತಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಉಳಿ ತಾಗಿಸಿದ್ದೇ ತಡ, ಮರ ಅದನ್ನು ಕಚ್ಚಿಕೊಂಡಿತು. ಢಬ್ ಅಂತ ಒಂದು ಸದ್ದು. ಉಳಿ ನನ್ನ ಕೈಯಲ್ಲಿ ಇರಲಿಲ್ಲ. ಮರ ಹಾರಿ ಹೋಗಿ ಕಪಾಟಿನ ಮೇಲಿದ್ದ ಗುಂಡಿ ಡಬ್ಬಕ್ಕೆ ಬಡಿಯಿತು. ಇಷ್ಟು ವರ್ಷ ನಾನು ಕೂಡಿಟ್ಟ ಗುಂಡಿಗಳೆಲ್ಲ ಕೋಣೆ ತುಂಬ ಸುರಿದವು. ಲೇತ್ ಮಾತ್ರ ತನಗೇನೂ ಸಂಬಂಧವಿಲ್ಲದ ಹಾಗೆ ತಿರುಗುತ್ತಲೇ ಇತ್ತು.

ನನಗೆ ಏನೂ ಆಗಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ಗೀರು ಕೂಡ ಇಲ್ಲ. ಸ್ವಿಚ್ ಆರಿಸಿ ಅಲ್ಲೇ ನೆಲದ ಮೇಲೆ ಗುಂಡಿಗಳ ನಡುವೆ ಕೂತೆ. ಕೂತುಕೊಂಡು ಅತ್ತೆ. ಬೆರಳು ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ನೀನು ಆ ಕೋಣೆಯ ಬಾಗಿಲ ಹತ್ತಿರವೂ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಮಿಕ್ಸಿ ತಿರುಗಿದರೂ ಬೆಚ್ಚಿಬೀಳುತ್ತಿದ್ದೆ. ಬೆರಳು ಕೂಡಿಕೊಂಡಿತಲ್ಲ, ಇನ್ನೇಕೆ ಇಷ್ಟು ಹೆದರುತ್ತೀಯೇ ಅಂತ ನಾನು ಕೇಳಿದ್ದೆ, ನೆನಪಿದೆಯಾ. ಈಗ ಕೇಳುವುದಿಲ್ಲ ಮಗಳೇ. ಆ ಹೆದರಿಕೆ ಬೆರಳಲ್ಲಿ ಇರುವುದಲ್ಲ ಅಂತ ನನಗೆ ಈಗ ಗೊತ್ತು.

ನಿನ್ನ ಅಪ್ಪ ಓಡಿ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಜೊತೆ ಕೂತು ಗುಂಡಿ ಹೆಕ್ಕಿದರು. ಹೆಕ್ಕುತ್ತಾ ಹೆಕ್ಕುತ್ತಾ, ಅವಳು ಕಷ್ಟಪಟ್ಟು ಮರೆಯುತ್ತಿದ್ದಾಳೆ, ನೀನು ಇದನ್ನೆಲ್ಲ ಕೆದಕಿ ಅವಳಿಗೆ ಹಿಂಸೆ ಮಾಡಬೇಡ ಅಂದರು. ಅವರು ಹೇಳುವುದೂ ಸರಿ ಅನ್ನಿಸುತ್ತದೆ. ಕೌಂಟರಿನ ಕೆಲಸದಲ್ಲಿ ತಪ್ಪೇನಿದೆ, ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ. ಆದರೆ ನಿನ್ನ ಕಾಗದ ತೆಗೆದು ಮತ್ತೆ ನೋಡುತ್ತೇನೆ. ಮೊದಲೆಲ್ಲ ನಾಲ್ಕು ದಿನಕ್ಕೆ ಮಾವನ ಮನೆಗೆ ಹೋದರೂ ಹಾಳೆ ತುಂಬ ಬರೆಯುತ್ತಿದ್ದವಳು ನೀನು, ಅಲ್ಲಿನ ಮಂಚದ ಕಾಲು ಹೇಗಿದೆ, ಮೆಟ್ಟಿಲ ಕಟಕಟೆ ಯಾವ ಮರದ್ದು ಅಂತ. ಈಗ ಕ್ಷೇಮ, ಹಗುರ, ಹೋಯಿತಾ. ಇದು ನನ್ನ ಮಗಳ ಕಾಗದವೇ ಅಲ್ಲ. ನಾನು ನಿನಗೆ ಒಳ್ಳೆಯದು ಮಾಡುತ್ತಿದ್ದೇನೋ ಕೆಟ್ಟದ್ದು ಮಾಡುತ್ತಿದ್ದೇನೋ, ನಿಜವಾಗಿ ತಿಳಿಯುತ್ತಿಲ್ಲ. ಒಮ್ಮೆ ಹೀಗನ್ನಿಸುತ್ತದೆ, ಒಂದು ಗಾಜಿನ ಗುಂಡಿ ಹೊಲಿಯುವಷ್ಟರಲ್ಲಿ ಹಾಗನ್ನಿಸುತ್ತದೆ.

ಉಳಿಯನ್ನು ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ಅದರ ಬಾಯಿ ನೋಡಿ, ಇದನ್ನು ಸೊಪ್ಪು ಹೆಚ್ಚುವುದಕ್ಕೆ ಇಟ್ಟುಕೊಳ್ಳಿ ಅಂದ. ಆಮೇಲೆ ಕನಿಕರ ಬಂತೋ ಏನೋ, ಒಳಗೆ ಕರೆದು ತನ್ನ ಸಾಣೆಯ ಮುಂದೆ ನಿಲ್ಲಿಸಿದ. ಉಳಿಯ ಬೆನ್ನನ್ನು ಕಲ್ಲಿಗೆ ಒರಗಿಸಿ ಉರುಳಿಸುತ್ತಾ ಹೋಗಬೇಕಂತೆ, ಒಳಗಡೆ ಮುಟ್ಟುವ ಹಾಗಿಲ್ಲವಂತೆ. ನನ್ನ ಕೈಯಲ್ಲೇ ಮಾಡಿಸಿದ. ಹಾಳಾದ ಭಾಗವೆಲ್ಲ ಸವೆದು ಉಳಿ ಮೋಟಾಯಿತು. ಹೋದರೆ ಹೋಗಲಿ. ಅಷ್ಟು ಹೊತ್ತು ನಿಂತು ಬಾಯಿ ಸರಿಮಾಡಿದೆನಲ್ಲ, ಆಗ ನಿನ್ನ ಮಾತೊಂದು ನೆನಪಾಯಿತು. ನೀನು ಕೆಲಸ ಮಾಡುವಾಗ ನಿನಗೆ ನೀನೇ ಗೊಣಗಿಕೊಳ್ಳುತ್ತಿದ್ದೆ, ಬೆನ್ನು ಮೊದಲು, ಬಾಯಿ ಆಮೇಲೆ. ಪಕ್ಕದಲ್ಲಿ ಹೊಲಿಯುತ್ತಾ ಕೂತಿದ್ದ ನಾನು ಯಾರ ಬೆನ್ನು, ಯಾರ ಬಾಯಿ ಅಂತ ಕೇಳಿದವಳೂ ಅಲ್ಲ. ಉಳಿಯ ಬೆನ್ನು ಮೊದಲು ಮರಕ್ಕೆ ಒರಗಬೇಕು, ಆಮೇಲೆ ಮೆಲ್ಲಗೆ ಹಿಡಿ ಎತ್ತಿದರೆ ಬಾಯಿ ತಾನಾಗಿ ಕೆಲಸಕ್ಕೆ ಬರುತ್ತದೆ. ಈಗ ಅರ್ಥವಾಯಿತು. ನಾನು ನೇರ ಬಾಯಿಯನ್ನೇ ಹಚ್ಚಿದ್ದೆ. ನಮ್ಮ ಮನೆಯಲ್ಲಿ ಯಾವಾಗಲೂ ಬಾಯಿಯೇ ಮೊದಲು, ನನ್ನ ತಪ್ಪಲ್ಲ.

ಮತ್ತೆ ಕೋಣೆಗೆ ಹೋಗುವ ಮೊದಲು ಸೆರಗನ್ನು ಎರಡೆರಡು ಸಲ ಬಿಗಿದು ನೋಡಿದೆ. ಹೋದೆ. ಬೆನ್ನು ಒರಗಿಸಿದೆ, ಬರೀ ಸರಸರ ಸದ್ದು, ಏನೂ ಆಗಲಿಲ್ಲ. ಹಿಡಿಯನ್ನು ಒಂದು ಕೂದಲೆಳೆಯಷ್ಟು ಎತ್ತಿದೆ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ನನ್ನ ಭುಜದ ಮೇಲಿನಿಂದ ಹಾರಿತು. ಅಯ್ಯೋ ಬುಗುರಿ, ಇಂಥ ಸುಖವನ್ನು ನೀನು ಇಷ್ಟು ವರ್ಷ ಒಬ್ಬಳೇ ಅನುಭವಿಸಿದ್ದೀಯಾ? ಒಂದು ದಿನವೂ ಹೇಳಲಿಲ್ಲವಲ್ಲೇ. ಅಥವಾ ಹೇಳಿದ್ದೆಯೇನೋ, ನನ್ನ ಹೊಲಿಗೆ ಯಂತ್ರದ ಸದ್ದಿಗೆ ಕೇಳಿಸಲಿಲ್ಲವೇನೋ.

ಈಗ ಇನ್ನೊಂದು ಗೊಂದಲ. ಇದನ್ನು ನಾನು ಶುರು ಮಾಡಿದ್ದು ನಿನಗಾಗಿ. ನಾನು ತಪ್ಪು ತಪ್ಪು ಉಳಿ ಕೊಂಡರೆ ನಿನಗೆ ತಡೆಯಲಾಗದೆ ನಾಲ್ಕು ಮಾತು ಬೈದಾದರೂ ಬರೆಯುತ್ತೀಯ ಅನ್ನುವ ಆಸೆ ಇತ್ತು, ಮುಚ್ಚಿಡುವುದೇನು. ಈಗ ನನಗೇ ಅದರ ರುಚಿ ಹತ್ತಿಬಿಟ್ಟಿದೆ. ಒಂದು ರವಿಕೆ ಕೊಡುವುದು ತಡವಾಯಿತು ಅಂತ ಗಿರಾಕಿಯಿಂದ ಮಾತೂ ಕೇಳಿದೆ. ನೀನು ಲೇತ್ ಕೊಟ್ಟುಬಿಡು ಅಂದರೆ ನಾನು ಅಳುವುದು ನಿನಗಾಗಿಯೋ ನನಗಾಗಿಯೋ, ಅದೂ ಗೊತ್ತಿಲ್ಲ. ಆದರೂ ನೀನು ಕೊಡು ಅಂದರೆ ಕೊಡುತ್ತೇನೆ. ವಸ್ತು ನಿನ್ನದು.

ಈ ಕಾಗದದ ಜೊತೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ ಇರುವುದು ನಾನು ಕಡೆದ ಮೊದಲ ವಸ್ತು, ಉಳಿಯ ಹಿಡಿ. ಬರೀ ಹಿಡಿ, ಉಳಿ ಇಲ್ಲ. ಹಿಡಿ ಇಲ್ಲದ ಉಳಿಗಳೂ ಸಿಗುತ್ತವಂತೆ, ಹಿಡಿಯನ್ನು ಕಡೆಯುವವರೇ ತಮ್ಮ ಕೈಗೆ ತಕ್ಕ ಹಾಗೆ ಕಡೆದುಕೊಳ್ಳುತ್ತಾರಂತೆ. ಅಲ್ಲಲ್ಲಿ ಗಾಯವಾಗಿದೆ, ಒಂದು ಕಡೆ ಹೊಟ್ಟೆ ಬಂದಿದೆ, ನೋಡಿ ನಗಬೇಡ. ಬಹಳ ದಪ್ಪವಾಯಿತು ಅಂತ ನಿನ್ನ ಅಪ್ಪ ಅಂದರು. ನನ್ನ ಕೈಗಂತೂ ಅದು ದಪ್ಪವೇ, ಬೆರಳು ಸುತ್ತು ಬರುವುದಿಲ್ಲ.

ನೀನು ಊರು ಬಿಟ್ಟ ದಿನ ಬಸ್ಸು ಹತ್ತಿ, ಮೇಲಿನ ಕಂಬಿಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತೆ. ನಾನು ಹೊರಗೆ ನಿಂತು ಕಿಟಕಿಯಿಂದ ಆ ಕೈಯನ್ನೇ ನೋಡುತ್ತಿದ್ದೆ. ಮನೆಯಲ್ಲಿ ಚಮಚ ಹಿಡಿಯಲಾರದೆ ಬೀಳಿಸುತ್ತಿದ್ದೆ, ಆದರೆ ಆ ದಪ್ಪ ಕಂಬಿಯ ಮೇಲೆ ನಿನ್ನ ಆ ಎರಡು ಬೆರಳೂ ಉಳಿದವುಗಳ ಜೊತೆ ಸರಿಯಾಗಿ ಕೂತಿದ್ದವು. ಬಸ್ಸು ಜಗ್ಗಿದಾಗಲೂ ಜಾರಲಿಲ್ಲ. ಮೊನ್ನೆ ಟೇಪು ತೆಗೆದುಕೊಂಡು ಅದೇ ಬಸ್ಸು ಹತ್ತಿದೆ. ಕಂಬಿಗೆ ಟೇಪು ಸುತ್ತಿ ಅಳೆಯುತ್ತಿದ್ದರೆ ಕಂಡಕ್ಟರ್ ಬಂದು, ಏನಮ್ಮಾ ಬಸ್ಸಿಗೂ ಅಂಗಿ ಹೊಲಿಯುತ್ತೀರಾ ಅಂತ ಕೇಳಿದ. ಹೌದಪ್ಪಾ, ತೋಳಿಗೆ ಅಳತೆ ತೆಗೆಯುತ್ತಿದ್ದೇನೆ ಅಂದೆ. ಅಕ್ಕಪಕ್ಕದವರೆಲ್ಲ ನಕ್ಕರು. ಹಿಡಿಯ ಸುತ್ತಳತೆ ಅದೇ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ. ಈ ಹಿಡಿಗೆ ಯಾವ ಉಳಿ ಸಿಕ್ಕಿಸಲಿ? ಸುಮ್ಮನೆ ಒಮ್ಮೆ ಹಿಡಿದು ನೋಡು. ಕೂರದಿದ್ದರೆ ಕೌಂಟರಿನಲ್ಲಿ ಚೀಟಿ ಹಾರದಂತೆ ಮೇಲೆ ಇಟ್ಟುಕೋ, ನಾನು ಏನೂ ಅಂದುಕೊಳ್ಳುವುದಿಲ್ಲ, ಶನಿವಾರ ಲೇತ್ ಕೊಟ್ಟು ಕಳಿಸುತ್ತೇನೆ. ಕೂತರೆ ಉಳಿಯ ಹೆಸರು ಬರೆ. ಅದೊಂದೇ ಮಾತು ಬರೆದರೂ ಸಾಕು, ಅಂಚೆಯವನಿಗೆ ನೀರು ಕೊಡುವುದು ನನ್ನ ಜವಾಬ್ದಾರಿ.

ಸರಿಯಾಗಿ ಊಟ ಮಾಡು. ಬೆರಳಿಗೆ ಬಿಸಿನೀರಿನ ಕಾವು ಕೊಡುವುದನ್ನು ಬಿಡಬೇಡ. ಅಪ್ಪ ಇಲ್ಲೇ ಇದ್ದಾರೆ, ನಾನು ಬರೆಯುವುದನ್ನು ನೋಡದವರ ಹಾಗೆ ನೋಡುತ್ತಿದ್ದಾರೆ.

ಏನೂ ತಿಳಿಯದೆ ಕೂತಿರುವ,
ನಿನ್ನ ಅಮ್ಮ

ಮರೆತಿದ್ದೆ: ಲೇತ್ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ, ಕೆಲಸ ಮಾಡಿದರೆ ಭುಜವೆಲ್ಲ ನೋವು. ಅದು ಮೊಣಕೈ ಮಟ್ಟಕ್ಕೆ ಇರಬೇಕಂತೆ. ಬಡಗಿ ಬಂದು, ಇದರ ಕಾಲು ಕತ್ತರಿಸಿ ನಿಮ್ಮ ಎತ್ತರಕ್ಕೆ ತಗ್ಗಿಸಿಕೊಡುತ್ತೇನೆ, ಅರ್ಧ ಗಂಟೆ ಕೆಲಸ ಅಂದ. ಗರಗಸವನ್ನೂ ತಂದಿದ್ದ. ನಿನ್ನ ಮೊಣಕೈ ಎಲ್ಲಿಗೆ ಬರುತ್ತದೆ ಅಂತ ನನಗೆ ಟೇಪು ಹಿಡಿಯದೆಯೂ ಗೊತ್ತು, ಲೇತ್ ಸರಿಯಾಗಿ ಅಲ್ಲಿಗೇ ಇದೆ. ಬಡಗಿಯನ್ನು ವಾಪಸು ಕಳಿಸಿದೆ. ನಾನು ಕೆಳಗೆ ಒಂದು ಹಲಗೆ ಹಾಕಿಕೊಂಡು, ಅದರ ಮೇಲೆ ನಿಂತು ಕೆಲಸ ಮಾಡುತ್ತಿದ್ದೇನೆ. ಹಲಗೆಗೆ ಮೊಳೆ ಹೊಡೆದಿಲ್ಲ, ಯಾವಾಗ ಬೇಕಾದರೂ ಎತ್ತಿ ಪಕ್ಕಕ್ಕೆ ಇಡಬಹುದು.